ಅಮೆರಿಕದ ಕಾಲೇಜು ಐಸ್ ಹಾಕಿ: ಹೊಸಬರು ಬಂದರೆ ಯಾರ ಸೀಟು ಹೋಗುತ್ತೆ?

2025ರ ಜುಲೈ 8ರಂದು ಇಎಸ್‌ಪಿಎನ್ ಚಾನೆಲ್‌ನಲ್ಲಿ 17 ವರ್ಷದ ಹುಡುಗನೊಬ್ಬ ತಾನು ಯಾವ ಕಾಲೇಜಿಗೆ ಸೇರುತ್ತಿದ್ದೇನೆ ಅಂತ ಘೋಷಿಸಿದ. ಹೆಸರು ಗ್ಯಾವಿನ್ ಮೆಕೆನ್ನಾ. ಊರು ಕೆನಡಾದ ಯೂಕಾನ್‌ನ ವೈಟ್‌ಹಾರ್ಸ್, ಅಂದರೆ ಹತ್ತಿರ ಹತ್ತಿರ ಅಲಾಸ್ಕಾದ ಪಕ್ಕ. ಅವನು ಆರಿಸಿಕೊಂಡಿದ್ದು ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ. ಅಲ್ಲಿ ಅವನಿಗೆ ಸುಮಾರು 7 ಲಕ್ಷ ಡಾಲರ್ ಸಿಗಲಿದೆ ಎಂದು ಅಮೆರಿಕದ ಮಾಧ್ಯಮಗಳು ವರದಿ ಮಾಡಿದವು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 6 ಕೋಟಿ ರೂಪಾಯಿ. ಜಗತ್ತಿನ ಅತಿ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಗ ಹೊಸ ಹುಡುಗನಿಗೆ ಕೊಡಬಹುದಾಗಿದ್ದ ಗರಿಷ್ಠ ಮೂಲ ಸಂಬಳವೇ 9.75 ಲಕ್ಷ ಡಾಲರ್. ಕಾಲೇಜು ಹುಡುಗನಿಗೆ ಏಳು ಲಕ್ಷ ಅಂದ್ರೆ ಸುದ್ದಿ ಆಗದೆ ಇರುತ್ತಾ?

ಸುದ್ದಿ ಆಯ್ತು, ಜೋರಾಗಿಯೇ ಆಯ್ತು. ಆದರೆ ಕಾಲೇಜು ಹಾಕಿಯನ್ನು ಒಳಗಿಂದ ಬದಲಿಸುತ್ತಿರುವುದು ಮೆಕೆನ್ನಾನಂಥ ಒಬ್ಬಿಬ್ಬರು ತಾರೆಯರಲ್ಲ ಅಂತ ನನಗೆ ಅನ್ನಿಸುತ್ತದೆ. ಅವನ ಹಿಂದೆಯೇ ಅದೇ ಬಾಗಿಲಿನಿಂದ ಒಳಗೆ ಬಂದ, ಯಾವ ಚಾನೆಲ್ಲೂ ಮೈಕ್ ಹಿಡಿಯದ, 20 ವರ್ಷ ಆದ ಸಾಧಾರಣ ಆಟಗಾರರಿದ್ದಾರಲ್ಲ, ಅವರು ಬದಲಿಸುತ್ತಿದ್ದಾರೆ. ಅವರು ಕೂತ ಸೀಟು ಮೊದಲು ಬೇರೆ ಯಾರದ್ದೋ ಆಗಿತ್ತು.

ಕನ್ನಡದಲ್ಲಿ ಹಾಕಿ ಅಂದ ಕೂಡಲೇ ನಮಗೆ ನೆನಪಾಗುವುದು ಕೊಡಗು. ಐಸ್ ಹಾಕಿ ಅಂದರೆ ಹೆಚ್ಚೆಂದರೆ ಲಡಾಖ್. ಹಾಗಾಗಿ ಸ್ವಲ್ಪ ಹಿನ್ನೆಲೆ ಹೇಳಿಯೇ ಮುಂದಕ್ಕೆ ಹೋಗುತ್ತೇನೆ. ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವುದು ಎನ್‌ಸಿಎಎ ಎಂಬ ಸಂಸ್ಥೆ. ಅದರ ಮೊದಲ ದರ್ಜೆಯಲ್ಲಿ, ಅಂದರೆ ಡಿವಿಷನ್ ಒಂದರಲ್ಲಿ, ಗಂಡಸರ ಐಸ್ ಹಾಕಿ ತಂಡ ಇರುವ ಕಾಲೇಜುಗಳು 60ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮುಂದೆ ಇದು ಸಣ್ಣ ಪ್ರಪಂಚ. ಬಾಸ್ಟನ್, ಮಿಷಿಗನ್, ಮಿನ್ನೆಸೋಟ, ನಾರ್ತ್ ಡಕೋಟ, ಹೀಗೆ ಚಳಿ ಜಾಸ್ತಿ ಇರುವ ಕಡೆ ಇದರ ಬೇರು. ಒಂದು ತಂಡಕ್ಕೆ ಪ್ರತಿವರ್ಷ ಏಳೆಂಟು ಹೊಸಬರು ಬರುತ್ತಾರೆ, ಕೆಲವೊಮ್ಮೆ ಹತ್ತು. ಜೂನ್, ಜುಲೈನಲ್ಲೇ ಕ್ಯಾಂಪಸ್‌ಗೆ ಬಂದು ಬೇಸಿಗೆ ಕ್ಲಾಸು, ಜಿಮ್ಮು ಶುರು ಮಾಡುತ್ತಾರೆ. ಅಕ್ಟೋಬರ್ ಮೊದಲ ವಾರದಲ್ಲಿ ಪಂದ್ಯಗಳು ಶುರು.

ಈ ಹೊಸಬರು ಶಾಲೆ ಮುಗಿಸಿ ನೇರವಾಗಿ ಬಂದ 18ರ ಮಕ್ಕಳು ಅಂದುಕೊಂಡರೆ ತಪ್ಪು. ಬಹಳಷ್ಟು ಮಂದಿ ಶಾಲೆ ಮುಗಿದ ಮೇಲೆ ಒಂದೆರಡು ವರ್ಷ ಜೂನಿಯರ್ ಲೀಗ್‌ಗಳಲ್ಲಿ ಆಡಿ, 19ಕ್ಕೋ 20ಕ್ಕೋ ಕಾಲೇಜಿಗೆ ಕಾಲಿಡುತ್ತಾರೆ. ಕೆಲವರಿಗೆ ಆಗಲೇ 21. ನಮ್ಮಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುವ ವಯಸ್ಸಿನಲ್ಲಿ ಅಲ್ಲಿ ಹಾಕಿ ಹುಡುಗ ಫಸ್ಟ್ ಇಯರ್ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನೆ. ಪಕ್ಕದಲ್ಲಿ ಕೂತವರು ಅವನಿಗಿಂತ ಎರಡು ಮೂರು ವರ್ಷ ಚಿಕ್ಕವರು. ಮುಂದೆ ಹೇಳುವ ಎಷ್ಟೋ ವಿಷಯಕ್ಕೆ ಈ ವಯಸ್ಸೇ ಕೀಲಿಕೈ.

ಮುಚ್ಚಿದ್ದ ಬಾಗಿಲು

ಕೆನಡಾದಲ್ಲಿ 16ರಿಂದ 20 ವರ್ಷದ ಹುಡುಗರಿಗೆ ಮೂರು ದೊಡ್ಡ ಜೂನಿಯರ್ ಲೀಗ್‌ಗಳಿವೆ: ಪಶ್ಚಿಮದಲ್ಲಿ ಡಬ್ಲ್ಯುಎಚ್‌ಎಲ್, ಒಂಟಾರಿಯೊ ಕಡೆ ಒಎಚ್‌ಎಲ್, ಕ್ವಿಬೆಕ್ ಕಡೆ ಕ್ಯುಎಂಜೆಎಚ್‌ಎಲ್. ಮೂರೂ ಸೇರಿ ಸಿಎಚ್‌ಎಲ್. ಸುಮಾರು 60 ತಂಡಗಳು, ಅದರಲ್ಲಿ ಕೆಲವು ಅಮೆರಿಕದ ಊರುಗಳಲ್ಲೂ ಇವೆ. ಎನ್‌ಎಚ್‌ಎಲ್‌ಗೆ ಅತಿ ಹೆಚ್ಚು ಆಟಗಾರರನ್ನು ಬಹುಕಾಲದಿಂದ ಕಳಿಸುತ್ತಾ ಬಂದಿರುವುದು ಈ ಸಿಎಚ್‌ಎಲ್.

ಆದರೆ ಸಿಎಚ್‌ಎಲ್‌ನಲ್ಲಿ ಆಡಿದವನಿಗೆ ಅಮೆರಿಕದ ಕಾಲೇಜು ತಂಡದ ಬಾಗಿಲು ಮುಚ್ಚಿತ್ತು. ಎನ್‌ಸಿಎಎ ದೃಷ್ಟಿಯಲ್ಲಿ ಅದು ವೃತ್ತಿಪರ ಲೀಗ್. ಕಾರಣ, ಎನ್‌ಎಚ್‌ಎಲ್ ಜೊತೆ ಆಗಲೇ ಒಪ್ಪಂದಕ್ಕೆ ಸಹಿ ಹಾಕಿದ ಕೆಲವು ಹುಡುಗರೂ ಅಲ್ಲಿ ಆಡುತ್ತಾರೆ, ಜೊತೆಗೆ ಆಟಗಾರರಿಗೆ ಕೈಖರ್ಚಿನ ಹಣ ಕೊಡುತ್ತಾರೆ. ಆ ಕೈಖರ್ಚು ಎಷ್ಟು? ತಿಂಗಳಿಗೆ 600 ಡಾಲರ್ ಮೀರದಷ್ಟು. ಅಷ್ಟಕ್ಕೇ 'ವೃತ್ತಿಪರ' ಅನ್ನೋ ಮುದ್ರೆ.

ನಿಯಮ ಎಷ್ಟು ಬಿಗಿಯಾಗಿತ್ತು ಅಂದರೆ, ಸಿಎಚ್‌ಎಲ್ ತಂಡದ ಶಿಬಿರಕ್ಕೆ ಅವರ ಖರ್ಚಿನಲ್ಲಿ ಹೋದ ಹುಡುಗ 48 ಗಂಟೆಯೊಳಗೆ ಹೊರಗೆ ಬಂದುಬಿಡಬೇಕಿತ್ತು. ಅಪ್ಪ ಅಮ್ಮ ಗಡಿಯಾರ ನೋಡಿಕೊಂಡು ಕಾರಿನಲ್ಲಿ ಕಾಯಬೇಕು ಅನ್ನೋ ಹಾಗೆ. ಅಲ್ಲಿ ಸುಮ್ನೆ ಒಂದು ಪ್ರದರ್ಶನ ಪಂದ್ಯ ಆಡಿದರೂ ಕಥೆ ಮುಗೀತು. 2024ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊ ಊರಿನ ಫೆಡರಲ್ ಕೋರ್ಟ್‌ಗೆ ಹೋದ ಮೊಕದ್ದಮೆ ಹುಟ್ಟಿದ್ದೇ ಹೀಗೆ. ದಾವೆ ಹೂಡಿದ ಹುಡುಗ 16ನೇ ವಯಸ್ಸಿನಲ್ಲಿ ಒಎಚ್‌ಎಲ್‌ನ ವಿಂಡ್ಸರ್ ತಂಡಕ್ಕೆ ಎರಡೇ ಎರಡು ಪ್ರದರ್ಶನ ಪಂದ್ಯ ಆಡಿದ್ದ. ಅದಕ್ಕಾಗಿ ಮೊದಲ ದರ್ಜೆಯ ಕಾಲೇಜು ಹಾಕಿಗೆ ಅವನು ಅನರ್ಹ.

ಇದೇ ಹೊತ್ತಿಗೆ ಅಮೆರಿಕದ ಕಾಲೇಜು ಆಟಗಾರರೇ ದುಡ್ಡು ಮಾಡಲು ಶುರು ಮಾಡಿದ್ದರು. 2021ರ ಜುಲೈನಿಂದ ತಮ್ಮ ಹೆಸರು, ಮುಖ, ಖ್ಯಾತಿಯನ್ನು ಬಳಸಿ ಜಾಹೀರಾತಿನಿಂದ ಸಂಪಾದಿಸಲು ಎನ್‌ಸಿಎಎ ಅವರಿಗೆ ಅವಕಾಶ ಕೊಟ್ಟಿತ್ತು. ಇದನ್ನೇ ಎನ್‌ಐಎಲ್ ಎನ್ನುತ್ತಾರೆ. ಕಾಲೇಜಿನಲ್ಲಿ ಕೂತು ಲಕ್ಷಗಟ್ಟಲೆ ಡಾಲರ್ ಎಣಿಸುವವನು ವಿದ್ಯಾರ್ಥಿ, ತಿಂಗಳಿಗೆ 600 ಡಾಲರ್ ತೆಗೆದುಕೊಂಡು ಬಸ್ಸಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡುವವನು ವೃತ್ತಿಪರ. ಇದನ್ನು ಕೋರ್ಟಿನಲ್ಲಿ ಸಮರ್ಥಿಸಿಕೊಳ್ಳುವುದು ಕಷ್ಟ ಅಂತ ಎನ್‌ಸಿಎಎಗೂ ಗೊತ್ತಿದ್ದಿರಬೇಕು. 2024ರ ನವೆಂಬರ್ 7ರಂದು ಅದರ ಡಿವಿಷನ್ ಒಂದರ ಮಂಡಳಿ ನಿಯಮ ಬದಲಿಸಿತು. ನಿಜವಾದ ಖರ್ಚಿಗಿಂತ ಹೆಚ್ಚು ಹಣ ಪಡೆಯದಿದ್ದರೆ ಸಿಎಚ್‌ಎಲ್ ಆಟಗಾರನೂ ಕಾಲೇಜು ತಂಡಕ್ಕೆ ಸೇರಬಹುದು, 2025ರ ಆಗಸ್ಟ್ 1ರಿಂದ ಜಾರಿ. ಮೊದಲ ವರ್ಷವೇ ನೂರಕ್ಕೂ ಹೆಚ್ಚು ಸಿಎಚ್‌ಎಲ್ ಹುಡುಗರು ಗಡಿ ದಾಟಿದರು.

ಈ ಬದಲಾವಣೆ ನ್ಯಾಯದ್ದೇ. ಅದರಲ್ಲಿ ನನಗೆ ಎರಡು ಮಾತಿಲ್ಲ. 15 ವರ್ಷದ ಹುಡುಗನೊಬ್ಬ ಅಪ್ಪ ಅಮ್ಮನ ಜೊತೆ ಅಡುಗೆಮನೆ ಮೇಜಿನ ಮುಂದೆ ಕೂತು 'ಕೆನಡಾ ಜೂನಿಯರ್ರೋ, ಅಮೆರಿಕ ಕಾಲೇಜೋ' ಅಂತ ಬದುಕಿಡೀ ಅಂಟಿಕೊಳ್ಳುವ ತೀರ್ಮಾನ ಮಾಡಬೇಕಾಗಿದ್ದ ಕಾಲ ಅದು. ಆ ಹೊರೆ ಇಳಿಯಿತು. ಆದರೆ ನ್ಯಾಯದ ಖರ್ಚಿನ ಬಿಲ್ ಯಾರೋ ಒಬ್ಬರು ಕಟ್ಟಲೇಬೇಕಲ್ಲ.

ಸೀಟಿನ ಲೆಕ್ಕ

ಅದೇ ಹೊತ್ತಿನಲ್ಲಿ ಇನ್ನೊಂದು ಬದಲಾವಣೆ ಬಂತು. 2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಕಾಲೇಜು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ 'ಹೌಸ್' ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟರು. ಅದರ ಪ್ರಕಾರ ಕಾಲೇಜುಗಳು ತಮ್ಮ ಕ್ರೀಡಾ ಆದಾಯದಲ್ಲಿ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದು. ಮೊದಲ ವರ್ಷ ಒಂದು ಕಾಲೇಜಿಗೆ, ಎಲ್ಲ ಆಟಗಳೂ ಸೇರಿ, ಮಿತಿ ಸುಮಾರು 2.05 ಕೋಟಿ ಡಾಲರ್. ಇದರಲ್ಲಿ ಸಿಂಹಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ, ಹಾಕಿಗೆ ಉಳಿಯುವುದು ಚೂರು. ಆದರೆ ಹಣಕ್ಕಿಂತ ಹಾಕಿ ಕೋಚ್‌ಗಳ ತಲೆ ತಿಂದದ್ದು ರಾಜಿಯ ಇನ್ನೊಂದು ಷರತ್ತು. ಮೊದಲು ಗಂಡಸರ ಹಾಕಿಗೆ 18 ಸ್ಕಾಲರ್‌ಶಿಪ್ ಮಿತಿ ಇತ್ತು, ಅದನ್ನು ಹರಿದು ಹಂಚುತ್ತಿದ್ದರು. ತಂಡದಲ್ಲಿ ಎಷ್ಟು ಜನ ಇರಬೇಕು ಎಂಬುದಕ್ಕೆ ಮಿತಿ ಇರಲಿಲ್ಲ. ರಾಜಿಗೆ ಸೇರಿದ ಕಾಲೇಜುಗಳಿಗೆ ಈಗ ಉಲ್ಟಾ. ಸ್ಕಾಲರ್‌ಶಿಪ್ ಎಲ್ಲರಿಗೂ ಕೊಡಬಹುದು, ಆದರೆ ತಂಡದಲ್ಲಿ 26 ಜನ ಮಾತ್ರ.

ಈಗ ಕೋಚ್ ಜಾಗದಲ್ಲಿ ಕೂತು ನೋಡಿ. ಏಪ್ರಿಲ್‌ನಲ್ಲಿ ಎಂಟು ಜನ ಓದು ಮುಗಿಸಿ ಹೊರಟರು ಅಂದುಕೊಳ್ಳೋಣ. ಎಂಟು ಸೀಟು ಖಾಲಿ. ಕೈಯಲ್ಲಿ ಎರಡು ಮೂರು ವರ್ಷದ ಹಿಂದೆಯೇ ಮಾತು ಕೊಟ್ಟ ಹುಡುಗರ ಪಟ್ಟಿ ಇದೆ. ಅದೂ ಎಂಟೇ. ಇಷ್ಟರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯುತ್ತದೆ. ಬೇರೆ ಕಾಲೇಜಿನಲ್ಲಿ ಆಡುತ್ತಿರುವವರು ಬಂದು ಸೇರಲು ಹೆಸರು ಕೊಡುವ ಜಾಗ ಅದು. 2024ರಿಂದ ಓದಿನಲ್ಲಿ ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದು. ಅಲ್ಲೊಬ್ಬ 22 ವರ್ಷದ ಒಳ್ಳೆಯ ಡಿಫೆನ್ಸ್ ಆಟಗಾರ ಕಾಣುತ್ತಾನೆ. ಬೇಡ ಅನ್ನೋದು ಹೇಗೆ? ಆಮೇಲೆ ಕೆನಡಾದಿಂದ ಫೋನು. ಒಎಚ್‌ಎಲ್‌ನಲ್ಲಿ ನಾಲ್ಕು ವರ್ಷ ಆಡಿದ 20ರ ಹುಡುಗ ಲಭ್ಯ. ಇವನೂ ಬೇಕು. ಕೂಡಿಸಿ ಕಳೆದರೆ ಹಳೆಯ ಪಟ್ಟಿಯ ಇಬ್ಬರು ಮೂವರು ಹೊರಗೆ.

ಹೊರಗೆ ಹೋಗುವವನು ಯಾರು ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅವನು ಸಾಮಾನ್ಯವಾಗಿ ಅಮೆರಿಕದ ಯುಎಸ್‌ಎಚ್‌ಎಲ್‌ನಲ್ಲೋ, ಕೆನಡಾದ ಪಶ್ಚಿಮ ತೀರದ ಬಿಸಿಎಚ್‌ಎಲ್‌ನಲ್ಲೋ ಆಡುವ ಹುಡುಗ. ಈ ಲೀಗ್‌ಗಳು ಬೆಳೆದದ್ದೇ ಕಾಲೇಜನ್ನು ನಂಬಿ. ಅಯೋವಾದ ಡುಬ್ಯೂಕ್, ವಾಟರ್‌ಲೂ, ಸೌತ್ ಡಕೋಟದ ಸೂ ಫಾಲ್ಸ್‌ನಂಥ ಊರುಗಳಲ್ಲಿ ಯಾರದೋ ಮನೆಯಲ್ಲಿ ಬಾಡಿಗೆ ಮಗನ ಹಾಗೆ ಉಳಿದುಕೊಂಡು, ಎರಡು ಮೂರು ಚಳಿಗಾಲ ಕಳೆಯುತ್ತಾರೆ. ಕಾಲೇಜಿನ ಕೋಚ್ ಮೊದಲು 'ಈ ವರ್ಷ ಬಾ' ಅಂದಿರುತ್ತಾರೆ. ಆಮೇಲೆ 'ಇನ್ನೊಂದು ವರ್ಷ ಜೂನಿಯರ್ ಆಡಿಕೊಂಡು ಬಾ, ಮೈ ಗಟ್ಟಿಯಾಗಲಿ' ಅನ್ನುತ್ತಾರೆ. ಹುಡುಗ ಒಪ್ಪುತ್ತಾನೆ, ಬೇರೆ ದಾರಿ ಇಲ್ಲ. ಆದರೆ ಜೂನಿಯರ್‌ಗೂ ವಯಸ್ಸಿನ ಮಿತಿ ಇದೆ. 20ರ ಸೀಸನ್ ಮುಗಿದ ಮೇಲೆ ಆಡಲು ಅಲ್ಲಿ ಜಾಗ ಇಲ್ಲ. ಆ ಏಪ್ರಿಲ್‌ನಲ್ಲಿ ಮತ್ತೆ ಫೋನು ಬಂದರೆ, ಈ ಸಲ ಮುಂದೂಡುವ ಮಾತಲ್ಲ, 'ಬೇರೆ ಕಡೆ ನೋಡಿಕೋ' ಅನ್ನುವ ಮಾತು.

ನಮ್ಮ ಸಿಇಟಿಯಲ್ಲಿ ಕೊನೆಯ ರೌಂಡ್ ಹೊತ್ತಿಗೆ ಸೀಟು ಕೈತಪ್ಪಿದ ಮಕ್ಕಳ ಪಾಡು ಗೊತ್ತಲ್ಲ, ಹೆಚ್ಚುಕಡಿಮೆ ಅದೇ. ಒಂದೇ ವ್ಯತ್ಯಾಸ: ನಮ್ಮಲ್ಲಿ ರ‍್ಯಾಂಕ್ ಅಂತ ಒಂದು ಕಾಗದ ಇರುತ್ತದೆ, ಕೇಳೋಕೆ ಒಂದು ಪ್ರಾಧಿಕಾರ ಇರುತ್ತದೆ. ಅಲ್ಲಿ ಇರುವುದು ಬಾಯಿಮಾತು.

ಈ ಬಾಯಿಮಾತಿನ ವ್ಯವಹಾರವೇ ವಿಚಿತ್ರ. ಹಾಕಿಯಲ್ಲಿ ಕೋಚ್‌ಗಳು ಹುಡುಗನ ಜೊತೆ ಮಾತಾಡಬಹುದಾದದ್ದು ಅವನ ಹತ್ತನೇ ತರಗತಿಯ ಜನವರಿ 1ರಿಂದ. ಸೀಟು ಕೊಡುತ್ತೇವೆ ಅಂತ ಹೇಳಬಹುದಾದದ್ದು ಹನ್ನೊಂದನೇ ತರಗತಿಗೆ ಮುಂಚಿನ ಆಗಸ್ಟ್ 1ರಿಂದ. ಹಾಗಾಗಿ 16ಕ್ಕೆ ಮಾತು ಕೊಟ್ಟವನು 20ಕ್ಕೆ ಬರುವುದು ಮಾಮೂಲು. ನಾಲ್ಕು ವರ್ಷದಲ್ಲಿ ಕೋಚ್ ಬದಲಾಗಬಹುದು, ಹುಡುಗನ ಮೊಣಕಾಲು ಕೈಕೊಡಬಹುದು, ನಿಯಮವೇ ಬದಲಾಗಬಹುದು. ಈಗ ಮೂರನೆಯದು ಆಗಿದೆ. ಮೊದಲು ಕೊನೆಗೆ 'ನ್ಯಾಷನಲ್ ಲೆಟರ್ ಆಫ್ ಇಂಟೆಂಟ್' ಅಂತ ಒಂದು ಸಹಿ ಕಾಗದವಾದರೂ ಇತ್ತು. 2024ರ ಅಕ್ಟೋಬರ್‌ನಲ್ಲಿ ಅದನ್ನೂ ತೆಗೆದುಹಾಕಿದರು. ಅದರ ಜಾಗಕ್ಕೆ ಈಗ ಕಾಲೇಜಿನ ಆರ್ಥಿಕ ನೆರವಿನ ಒಪ್ಪಂದ. ಅದಕ್ಕೆ ಸಹಿ ಬೀಳುವವರೆಗೆ ಎರಡು ಕಡೆಯವರೂ ಸ್ವತಂತ್ರರು. ಹುಡುಗರೂ ಮಾತು ಮುರಿಯುತ್ತಾರೆ, ಅದನ್ನೂ ಹೇಳಬೇಕು. ಇನ್ನೂ ದೊಡ್ಡ ಕಾಲೇಜು ಕರೆದರೆ ಮೊದಲಿನ ಕೋಚ್‌ಗೆ ಒಂದು ಮೆಸೇಜ್ ಹಾಕಿ ಹೋಗಿಬಿಡುತ್ತಾರೆ. ಆದರೆ ಕೋಚ್‌ಗೆ ಒಂದು ಹೆಸರು ಹೋದರೆ ಇನ್ನೊಂದು ಸಿಗುತ್ತದೆ. 20ರ ಹುಡುಗನಿಗೆ ಸಿಗುವುದು ಗ್ಯಾರಂಟಿ ಇಲ್ಲ.

ಹೊರಗೆ ಬಿದ್ದವನು ಹೋಗುವುದೆಲ್ಲಿಗೆ? ಒಂದಷ್ಟು ಮಂದಿ ಸಣ್ಣ ಡಿವಿಷನ್ ಒಂದರ ಕಾಲೇಜುಗಳಿಗೆ. ಬಹಳಷ್ಟು ಮಂದಿ ಡಿವಿಷನ್ ಮೂರಕ್ಕೆ. ಅಲ್ಲಿ ಆಟ ಚೆನ್ನಾಗಿಯೇ ಇರುತ್ತದೆ, ಓದೂ ಚೆನ್ನಾಗಿರಬಹುದು. ಆದರೆ ಕ್ರೀಡೆಗೆ ಅಂತ ಸ್ಕಾಲರ್‌ಶಿಪ್ ಇಲ್ಲ. ಅಷ್ಟು ವರ್ಷ ಸ್ಕೇಟು, ಸ್ಟಿಕ್ಕು, ಪ್ರಯಾಣ, ಶಿಬಿರ ಅಂತ ಸುರಿದ ಮನೆಯವರು ಈಗ ಕಾಲೇಜು ಫೀಸಿಗೂ ಹುಡುಕಬೇಕು.

ಬಂದವರು ಯಾರು?

ಮೆಕೆನ್ನಾ ಜೊತೆ ಅಥವಾ ಅವನ ಹಿಂದೆಮುಂದೆ ಬಂದ ದೊಡ್ಡ ಹೆಸರುಗಳು ಇವೆ. ಎನ್‌ಎಚ್‌ಎಲ್ ತಂಡಗಳು ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳುವ 2025ರ ಡ್ರಾಫ್ಟ್‌ನಲ್ಲಿ ಆರನೆಯವನಾಗಿ ಫಿಲಡೆಲ್ಫಿಯಾ ಆರಿಸಿಕೊಂಡ ಪೋರ್ಟರ್ ಮಾರ್ಟೋನ್ ಮಿಷಿಗನ್ ಸ್ಟೇಟ್‌ಗೆ ಬಂದ. ಅದೇ ಡ್ರಾಫ್ಟ್‌ನ 14ನೆಯವನು ಜಾಕ್ಸನ್ ಸ್ಮಿತ್ ಪೆನ್ ಸ್ಟೇಟ್‌ಗೆ. ಇವರಿಗೆ ಕಾಲೇಜು ಯಾಕೆ ಬೇಕಾಯಿತು ಅನ್ನೋದಕ್ಕೆ ದುಡ್ಡು ಮಾತ್ರ ಉತ್ತರವಲ್ಲ. ಎನ್‌ಎಚ್‌ಎಲ್ ಮತ್ತು ಸಿಎಚ್‌ಎಲ್ ನಡುವೆ ಹಳೆಯ ಒಪ್ಪಂದ ಇತ್ತು. 20 ತುಂಬದ ಸಿಎಚ್‌ಎಲ್ ಹುಡುಗನನ್ನು ಎನ್‌ಎಚ್‌ಎಲ್ ತಂಡ ಇಟ್ಟುಕೊಳ್ಳದಿದ್ದರೆ ಕೆಳಗಿನ ವೃತ್ತಿಪರ ಲೀಗ್ ಎಎಚ್‌ಎಲ್‌ಗೆ ಕಳಿಸುವ ಹಾಗಿಲ್ಲ, ವಾಪಸ್ ಜೂನಿಯರ್‌ಗೇ ಕಳಿಸಬೇಕು. ಮೆಕೆನ್ನಾ 2024-25ರಲ್ಲಿ ಡಬ್ಲ್ಯುಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ತಂಡಕ್ಕೆ 56 ಪಂದ್ಯಗಳಲ್ಲಿ 129 ಪಾಯಿಂಟ್ ತೆಗೆದಿದ್ದ. ಗೋಲಿಗೊಂದು, ಗೋಲಿಗೆ ನೆರವಾದ ಪಾಸಿಗೊಂದು ಪಾಯಿಂಟ್ ಅಂತ ಲೆಕ್ಕ. ಪಂದ್ಯಕ್ಕೆ ಎರಡಕ್ಕಿಂತ ಜಾಸ್ತಿ! ಹುಟ್ಟಿದ್ದು 2007ರ ಡಿಸೆಂಬರ್ ಆದ್ದರಿಂದ ಅವನು ಡ್ರಾಫ್ಟ್‌ಗೆ 2026ರವರೆಗೆ ಕಾಯಲೇಬೇಕಿತ್ತು. ಅದೇ ಲೀಗ್‌ನಲ್ಲಿ ಇನ್ನೊಂದು ವರ್ಷ ಇದ್ದು ಕಲಿಯುವುದೇನಿತ್ತು?

ಕಾಲೇಜಿನ ವೇಳಾಪಟ್ಟಿಯೂ ಬೇರೆ. ಡಬ್ಲ್ಯುಎಚ್‌ಎಲ್‌ನಲ್ಲಿ ಒಂದು ಸೀಸನ್‌ಗೆ 68 ಪಂದ್ಯ. ಕಾಲೇಜಿನಲ್ಲಿ ಅದರ ಅರ್ಧದಷ್ಟು, ಹೆಚ್ಚಾಗಿ ಶುಕ್ರವಾರ, ಶನಿವಾರ. ಉಳಿದ ದಿನ ಜಿಮ್ಮು, ಅಭ್ಯಾಸ, ಊಟ, ನಿದ್ದೆ. ನಡುನಡುವೆ ಓದು. ಮೈ ಬೆಳೆಸಬೇಕಾದ 18ರ ಹುಡುಗನಿಗೆ ಇದು ಒಳ್ಳೆಯದು. ಕಟ್ಟಡಗಳ ವಿಷಯಕ್ಕೆ ಬಂದರೆ ಪೆನ್ ಸ್ಟೇಟ್ ಕಥೆಯೇ ಸಾಕು. 2012ರವರೆಗೆ ಅಲ್ಲಿ ಮೊದಲ ದರ್ಜೆಯ ಹಾಕಿ ತಂಡವೇ ಇರಲಿಲ್ಲ. ಅಲ್ಲೇ ಓದಿ ತೈಲ, ಅನಿಲದ ವ್ಯವಹಾರದಲ್ಲಿ ಶ್ರೀಮಂತನಾದ ಟೆರಿ ಪೆಗುಲಾ ಮತ್ತು ಅವರ ಹೆಂಡತಿ ಕಿಮ್ 10 ಕೋಟಿ ಡಾಲರ್‌ಗೂ ಮೇಲೆ ಕೊಟ್ಟರು. ರಿಂಕ್ ಎದ್ದು ನಿಂತಿತು, ತಂಡ ಹುಟ್ಟಿತು. 2025ರಲ್ಲಿ ಮೊದಲ ಸಲ ರಾಷ್ಟ್ರೀಯ ಸೆಮಿಫೈನಲ್‌ವರೆಗೂ ಹೋಯಿತು. ಮೆಕೆನ್ನಾ ಘೋಷಣೆ ಅದಾದ ಮೂರು ತಿಂಗಳಿಗೆ.

ಇವರೆಲ್ಲ ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷ ಇದ್ದು ಎನ್‌ಎಚ್‌ಎಲ್‌ಗೆ ಹಾರುವವರು. ಒಂದು ತಂಡಕ್ಕೆ ಇಂಥವರು ಒಬ್ಬನೋ ಇಬ್ಬರೋ. ಬಹಳ ಕಾಲೇಜುಗಳಿಗೆ ಒಬ್ಬನೂ ಇಲ್ಲ.

ನಾನು ಮೊದಲು ಹೇಳಿದ ಗುಂಪು ಬೇರೆ. ಸಿಎಚ್‌ಎಲ್‌ನ ಒಂದು ತಂಡದಲ್ಲಿ 20 ವರ್ಷದವರು ಮೂವರು ಮಾತ್ರ ಇರಬಹುದು. ಹಾಗಾಗಿ ಪ್ರತಿವರ್ಷ ಪ್ರತಿ ತಂಡದಿಂದ ಕೆಲವರು ಅನಿವಾರ್ಯವಾಗಿ ಹೊರಬರುತ್ತಾರೆ, 20 ಮುಗಿದವರಂತೂ ಬಂದೇ ಬರುತ್ತಾರೆ. ಇವರ ಬೆನ್ನ ಹಿಂದೆ 200, 250 ಜೂನಿಯರ್ ಪಂದ್ಯಗಳ ಅನುಭವ. ಎನ್‌ಎಚ್‌ಎಲ್ ಕರೆಯಲಿಲ್ಲ, ಆದರೆ ಆಟ ಬರುತ್ತದೆ, ಏಟು ತಿನ್ನೋದು, ಕೊಡೋದು ಗೊತ್ತು. ಮೊದಲು ಇವರಲ್ಲಿ ಎಷ್ಟೋ ಮಂದಿ ಸಿಎಚ್‌ಎಲ್ ಕೊಡುವ ವಿದ್ಯಾರ್ಥಿವೇತನ ಹಿಡಿದುಕೊಂಡು ಕೆನಡಾದ ವಿಶ್ವವಿದ್ಯಾಲಯಗಳಿಗೆ ಹೋಗಿ, ಅಲ್ಲಿನ ಯು ಸ್ಪೋರ್ಟ್ಸ್ ಲೀಗ್‌ನಲ್ಲಿ ಆಡುತ್ತಿದ್ದರು. ಈಗ ಅವರಿಗೆ ಅಮೆರಿಕ ಕರೆಯುತ್ತಿದೆ. ಕೆನಡಾದ ವಿಶ್ವವಿದ್ಯಾಲಯದ ಕೋಚ್‌ಗಳಿಗೆ ಸಿಗುವ ಹುಡುಗರ ಗುಣಮಟ್ಟ ಇಳಿಯದೆ ಇರುತ್ತದಾ?

ಕೋಚ್‌ಗಳು ಇಂಥವರನ್ನೇ ಯಾಕೆ ಬಯಸುತ್ತಾರೆ ಅಂದರೆ, ಕಾಲೇಜು ಹಾಕಿಯಲ್ಲಿ ಕಪ್ ಗೆಲ್ಲಿಸುವುದು ವಯಸ್ಸು ಎಂಬ ನಂಬಿಕೆ. ಅದಕ್ಕೆ ಆಧಾರವೂ ಇದೆ. 2022ರಲ್ಲಿ ಮಿಷಿಗನ್ ತಂಡದಲ್ಲಿ ಹಿಂದಿನ ವರ್ಷದ ಡ್ರಾಫ್ಟ್‌ನ ಮೊದಲ ಐವರಲ್ಲಿ ನಾಲ್ವರಿದ್ದರು: ಓವನ್ ಪವರ್, ಮ್ಯಾಟಿ ಬೆನಿಯರ್ಸ್, ಲ್ಯೂಕ್ ಹ್ಯೂಸ್, ಕೆಂಟ್ ಜಾನ್ಸನ್. ಇಂಥ ತಂಡ ಮತ್ತೆ ಸಿಗಲ್ಲ ಅಂತ ಎಲ್ಲರೂ ಅಂದರು. ಸೆಮಿಫೈನಲ್‌ನಲ್ಲಿ ಅವರನ್ನು ಡೆನ್ವರ್ ತಂಡ ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋಲಿಸಿತು. ಮರುವರ್ಷ ಮಿಷಿಗನ್‌ಗೆ ಫಸ್ಟ್ ಇಯರ್ ಹುಡುಗ ಆಡಮ್ ಫ್ಯಾಂಟಿಲಿ ಬಂದ. 36 ಪಂದ್ಯಗಳಲ್ಲಿ 65 ಪಾಯಿಂಟ್ ತೆಗೆದು ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಗೆದ್ದ. ಸೆಮಿಫೈನಲ್‌ನಲ್ಲಿ ಅವರನ್ನು ಮನೆಗೆ ಕಳಿಸಿದ್ದು ಕನೆಕ್ಟಿಕಟ್‌ನ ಕ್ವಿನ್ನಿಪಿಯಾಕ್. ಅದೇ ತಂಡ ಫೈನಲ್‌ನಲ್ಲಿ 0-2ರಿಂದ ಹಿಂದೆ ಇದ್ದು, ತಾರೆಯರಿಂದ ತುಂಬಿದ್ದ ಮಿನ್ನೆಸೋಟವನ್ನು ಹೆಚ್ಚುವರಿ ಸಮಯದ ಹತ್ತನೇ ಸೆಕೆಂಡಿನಲ್ಲಿ ಸೋಲಿಸಿತು. 2024ರಲ್ಲಿ ಬಾಸ್ಟನ್ ಯೂನಿವರ್ಸಿಟಿಯ 17 ವರ್ಷದ ಮ್ಯಾಕ್ಲಿನ್ ಸೆಲೆಬ್ರಿನಿ 32 ಗೋಲು ಹೊಡೆದು ಹೋಬಿ ಬೇಕರ್ ಗೆದ್ದ. ಸೆಮಿಫೈನಲ್‌ನಲ್ಲಿ ಡೆನ್ವರ್ ಅವನ ತಂಡವನ್ನೂ, ಫೈನಲ್‌ನಲ್ಲಿ ಪ್ರತಿಭಾವಂತ ಫಸ್ಟ್ ಇಯರ್ ಹುಡುಗರಿದ್ದ ಬಾಸ್ಟನ್ ಕಾಲೇಜನ್ನೂ ಮಣಿಸಿತು. 2025ರಲ್ಲಿ ಅದುವರೆಗೆ ಸೆಮಿಫೈನಲ್ ಕೂಡ ನೋಡಿರದ ವೆಸ್ಟರ್ನ್ ಮಿಷಿಗನ್, ಬಾಸ್ಟನ್ ಯೂನಿವರ್ಸಿಟಿಯನ್ನು 6-2ರಿಂದ ಸೋಲಿಸಿ ಕಪ್ ಹಿಡಿಯಿತು.

ನಾಲ್ಕು ವರ್ಷ, ನಾಲ್ಕೂ ಸಲ ಪೋಸ್ಟರ್ ಮೇಲಿದ್ದ ಹುಡುಗರು ಸೋತರು. ಇದಕ್ಕೆ ಎದುರು ಉದಾಹರಣೆ ಕೇಳಿದರೆ ಹಳಬರು 1993ರ ಮೇಯ್ನ್ ತಂಡವನ್ನು ನೆನೆಸುತ್ತಾರೆ. ಪಾಲ್ ಕರಿಯಾ ಫಸ್ಟ್ ಇಯರ್‌ನಲ್ಲೇ 100 ಪಾಯಿಂಟ್ ತೆಗೆದ ವರ್ಷ, ಆ ಸೀಸನ್ ಇಡೀ ತಂಡ ಸೋತಿದ್ದು ಒಂದೇ ಒಂದು ಪಂದ್ಯ. ಆದರೆ ಆ ಫೈನಲ್‌ನಲ್ಲಿ ಸೋಲುವ ಹಂತದಲ್ಲಿದ್ದ ತಂಡಕ್ಕೆ ಕೊನೆಯ ಅವಧಿಯಲ್ಲಿ ಮೂರು ಗೋಲು ಹೊಡೆದು ಗೆಲ್ಲಿಸಿದ್ದು ಕೊನೆಯ ವರ್ಷದ ಜಿಮ್ ಮಾಂಟ್‌ಗೊಮರಿ. ಪಾಸು ಹುಡುಗನದ್ದು, ಗೋಲು ಹಳಬನದ್ದು. ಸಣ್ಣ ಹುಡುಗ ಎಷ್ಟೇ ಜಾಣನಾದರೂ ಏಪ್ರಿಲ್ ತಿಂಗಳಲ್ಲಿ ಗೋಡೆಗೆ ಒತ್ತಿ ಪಕ್ (ಚೆಂಡಿನ ಬದಲು ಬಳಸುವ ಬಿಲ್ಲೆ) ಕಸಿದುಕೊಳ್ಳುವ 24ರ ದೇಹದ ಎದುರು ದಣಿಯುತ್ತಾನೆ. ಕೋಚ್‌ಗಳಿಗೆ ಇದು ಪಾಠವಾಗಿ ಉಳಿದಿದೆ. ಹೊಸ ನಿಯಮ ಅವರಿಗೆ ಕೊಟ್ಟಿದ್ದು ಅನುಭವ ಇರುವ 20, 21ರ ಹುಡುಗರ ಹೊಸ ಸಂತೆ. ಅದರ ಏಟು ತಿನ್ನುವವನು ಮತ್ತೆ ಅದೇ ವಯಸ್ಸಿನ, ಅದೇ ಮಟ್ಟದ ಅಮೆರಿಕದ ಹುಡುಗ.

ಎಫ್-1 ಗಂಟು

ಒಂದು ವಿಷಯ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಮಗನನ್ನೋ ಮಗಳನ್ನೋ ಎಂಎಸ್ ಓದಲು ಅಮೆರಿಕಕ್ಕೆ ಕಳಿಸಿದ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಯಾವ ಮನೆಯಲ್ಲಿ ಕೇಳಿದರೂ ಎಫ್-1, ಐ-20 ಅಂದರೆ ಏನು ಅಂತ ಹೇಳುತ್ತಾರೆ: ಒಂದು ವಿದ್ಯಾರ್ಥಿ ವೀಸಾ, ಇನ್ನೊಂದು ಅದಕ್ಕಾಗಿ ಕಾಲೇಜು ಕೊಡುವ ಪತ್ರ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ, ಹೊರಗೆ ಅನುಮತಿ ಇಲ್ಲದೆ ಒಂದು ಪೈಸೆ ದುಡಿಯುವ ಹಾಗಿಲ್ಲ. ಕೆನಡಾದ ಹಾಕಿ ಹುಡುಗನಿಗೆ ಪಾಸ್‌ಪೋರ್ಟ್ ಮೇಲೆ ವೀಸಾ ಮುದ್ರೆ ಬೇಕಿಲ್ಲ, ಸಂದರ್ಶನದ ಕ್ಯೂ ಇಲ್ಲ. ಆದರೆ ಗಡಿಯಲ್ಲಿ ಅವನೂ ಐ-20 ತೋರಿಸಿ ಎಫ್-1 ಸ್ಥಾನಮಾನದಲ್ಲೇ ಒಳಗೆ ಬರಬೇಕು. ಮತ್ತೆ ಆ ಲಕ್ಷಗಟ್ಟಲೆ ಡಾಲರ್?

ಬೇರೆ ಆಟಗಳಲ್ಲಿ ಇದಕ್ಕೆ ಕಂಡುಕೊಂಡ ದಾರಿ, ಕೆಲಸವನ್ನು ಅಮೆರಿಕದ ಹೊರಗೆ ಮಾಡುವುದು. ಕೆಂಟಕಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಕಾಂಗೋದ ಆಸ್ಕರ್ ಶೀಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲಿಯೇ ಜಾಹೀರಾತಿನ ಕೆಲಸ ಮುಗಿಸಿಕೊಂಡ. ಕೆನಡಾದವನಿಗೆ ಇದು ಇನ್ನೂ ಸುಲಭ, ಊರಿಗೆ ಹೋದಾಗ ಚಿತ್ರೀಕರಣ ಮಾಡಿಸಿಕೊಂಡರಾಯ್ತು. ಆದರೆ ಕಾಲೇಜು ನೇರವಾಗಿ ಕೊಡುವ ಆದಾಯದ ಪಾಲು ಕೂಲಿಯೋ, ಹೆಸರು ಬಳಸಿಕೊಂಡದ್ದಕ್ಕೆ ಕೊಡುವ ಹಣವೋ ಅನ್ನುವುದು ವಕೀಲರು ಇನ್ನೂ ಜಗ್ಗಾಡುತ್ತಿರುವ ಪ್ರಶ್ನೆ. ಲೈಬ್ರರಿಯಲ್ಲಿ ಗಂಟೆ ಲೆಕ್ಕ ಹಾಕಿಕೊಂಡು ಪುಸ್ತಕ ಜೋಡಿಸುವ ನಮ್ಮ ಹುಡುಗರಿಗೆ ಇದನ್ನು ಓದಿ ನಗು ಬರಬಹುದು, ಅಲ್ವಾ? ಐವಿ ಲೀಗ್‌ನ ಹಾರ್ವರ್ಡ್, ಯೇಲ್, ಕಾರ್ನೆಲ್‌ಗಳು ಈ ತಲೆನೋವನ್ನೇ ಹತ್ತಿರ ಸೇರಿಸಿಲ್ಲ. ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೂ ಇಲ್ಲ, ಆದಾಯದ ಪಾಲೂ ಇಲ್ಲ.

ಹೆಂಗಸರ ಹಾಕಿಯಲ್ಲಿ ಈ ಗದ್ದಲ ಇಲ್ಲ. ಸಿಎಚ್‌ಎಲ್‌ನಂಥ ಪರ್ಯಾಯವೇ ಅಲ್ಲಿರಲಿಲ್ಲ, ಕೆನಡಾದ ಒಳ್ಳೆಯ ಆಟಗಾರ್ತಿಯರು ಮೊದಲಿನಿಂದಲೂ ಅಮೆರಿಕದ ಕಾಲೇಜಿಗೇ ಬರುತ್ತಿದ್ದರು.

ಬಾಗಿಲು ಎರಡೂ ಕಡೆಗೆ

ಕೆನಡಾದ ತಂಡಗಳು ಇದರಿಂದ ಸೋತವು ಅಂತ ಮೊದಲು ಎಲ್ಲರೂ ಬರೆದರು. ಪೂರ್ತಿ ನಿಜ ಅಲ್ಲ. 18, 19ರ ಒಳ್ಳೆಯ ಹುಡುಗರು ಆಗಸ್ಟ್‌ನಲ್ಲಿ ಕೈಬಿಟ್ಟು ಹೋಗುತ್ತಾರೆ, ನಿಜ. ಆದರೆ 16ರ ಅಮೆರಿಕದ ಹುಡುಗ ಮೊದಲು ಕಾಲೇಜಿನ ಭಯಕ್ಕೆ ಸಿಎಚ್‌ಎಲ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಈಗ ಅವನಿಗೆ ಆ ಭಯ ಇಲ್ಲ. ಎರಡು ವರ್ಷ ಒಂಟಾರಿಯೊದಲ್ಲಿ ಆಡಿ ಆಮೇಲೆ ಬಾಸ್ಟನ್‌ಗೋ ಮಿಷಿಗನ್‌ಗೋ ಬರಬಹುದು. ಹಾಗಾಗಿ ನಡುವೆ ಸಿಕ್ಕಿಕೊಂಡದ್ದು ಯುಎಸ್‌ಎಚ್‌ಎಲ್ ಮತ್ತು ಬಿಸಿಎಚ್‌ಎಲ್. 'ನಮ್ಮಲ್ಲಿ ಆಡಿದರೆ ಕಾಲೇಜಿನ ದಾರಿ ಮುಚ್ಚಲ್ಲ' ಅನ್ನುವುದೇ ಇವುಗಳ ಬಂಡವಾಳವಾಗಿತ್ತು. ಈಗ ಯಾರಲ್ಲಿ ಆಡಿದರೂ ಮುಚ್ಚಲ್ಲ. ಬಿಸಿಎಚ್‌ಎಲ್‌ನ ಅತ್ಯಂತ ಬಲವಾದ ಕ್ಲಬ್ ಪೆಂಟಿಕ್ಟನ್ ವೀಸ್ 2025-26ರಿಂದ ಡಬ್ಲ್ಯುಎಚ್‌ಎಲ್‌ಗೆ ಸೇರಿಬಿಟ್ಟಿತು. ಕಾಲೇಜಿಗೆ ಹುಡುಗರನ್ನು ಕಳಿಸುವುದರಲ್ಲೇ ಹೆಸರು ಮಾಡಿದ್ದ ಕ್ಲಬ್ ಅದು.

ಮುಂದಿನ ಬೇಸಿಗೆಗಳಲ್ಲಿ ಕಾಲೇಜುಗಳು ಹೊಸಬರ ಪಟ್ಟಿ ಹಾಕಿದಾಗ ಎರಡು ಅಂಕಣ ನೋಡಬೇಕು: ಹುಟ್ಟಿದ ವರ್ಷ, ಹಿಂದಿನ ತಂಡ. ಪಟ್ಟಿಯ ಮೇಲಿರುವ 18ರ ತಾರೆಯ ಫೋಟೊ ದೊಡ್ಡದಾಗಿರುತ್ತದೆ. ಕೆಳಗಿನ ಸಾಲುಗಳಲ್ಲಿ ಕಿಚನರ್, ಸಾಸ್ಕಟೂನ್, ಹ್ಯಾಲಿಫ್ಯಾಕ್ಸ್ ಅಂತ ಸಿಎಚ್‌ಎಲ್ ಊರುಗಳು ಹೆಚ್ಚುತ್ತಾ ಹೋದರೆ, ಡುಬ್ಯೂಕ್, ವಾಟರ್‌ಲೂ ಹೆಸರು ಕಡಿಮೆಯಾಗುತ್ತಾ ಹೋದರೆ, ಏಪ್ರಿಲ್‌ನಲ್ಲಿ ಎಷ್ಟು ಫೋನು ಹೋಗಿರಬಹುದು ಅಂತ ಅಂದಾಜು ಮಾಡಬಹುದು. ಪಟ್ಟಿಯಲ್ಲಿ ಇಲ್ಲದವರ ಪಟ್ಟಿಯನ್ನು ಯಾವ ಕಾಲೇಜೂ ಹಾಕುವುದಿಲ್ಲ. ಕನಿಷ್ಠ ಹನ್ನೊಂದನೇ ತರಗತಿಯ ಬಾಯಿಮಾತಿಗೂ ಸಹಿಗೂ ನಡುವಿನ ವರ್ಷಗಳನ್ನು ಕಡಿಮೆ ಮಾಡಿ, ಸೀಟು ಇಲ್ಲ ಅನ್ನುವುದನ್ನು ಏಪ್ರಿಲ್‌ಗೆ ಬದಲು ಹಿಂದಿನ ನವೆಂಬರ್‌ನಲ್ಲೇ ಹೇಳಬೇಕು ಎಂದು ಎನ್‌ಸಿಎಎ ಕಡ್ಡಾಯ ಮಾಡಬಹುದು. ಅದಕ್ಕೆ ಕೋರ್ಟು, ಮೊಕದ್ದಮೆ ಏನೂ ಬೇಕಿಲ್ಲ. ಹುಡುಗನಿಗೆ ಬೇರೆ ಕಾಲೇಜುಗಳ ಬಾಗಿಲು ತಟ್ಟಲು ಐದು ತಿಂಗಳು ಸಿಗುತ್ತದೆ.